ಟಿವಿಯ ಕಾಡು, ಊರ ಹೊರಗಿನ ಗುಡ್ಡ: ಮಕ್ಕಳ ಜೊತೆ ಕೂತು ವನ್ಯಜೀವಿ ಸಾಕ್ಷ್ಯಚಿತ್ರ ನೋಡುವ ಬಗೆ

ಏಪ್ರಿಲ್ ಹುಟ್ಟಿತೆಂದರೆ ನಮ್ಮ ಗಂಗಾವತಿಯಲ್ಲಿ ಬೆಳಗಿನ ಹನ್ನೊಂದರಿಂದ ಸಂಜೆ ಐದರ ತನಕ ಮಕ್ಕಳನ್ನು ಹೊರಗೆ ಬಿಡುವ ಮಾತೇ ಇಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತದೆ, ಬೀದಿನಾಯಿಗಳೂ ಚರಂಡಿಯ ತಂಪು ಹುಡುಕಿ ಮಲಗಿರುತ್ತವೆ. ಮನೆಯೊಳಗೆ ನನ್ನ ಇಬ್ಬರು, ಪಕ್ಕದ ಮನೆಯ ಮೂವರು, ಎಲ್ಲರ ನಡುವೆ ಒಂದೇ ಟಿವಿ. ಕಾರ್ಟೂನಿನ ಜಗಳ ಬಿಡಿಸಲು ಒಂದು ಮಧ್ಯಾಹ್ನ ಕಾಡುಪ್ರಾಣಿಗಳ ಸಾಕ್ಷ್ಯಚಿತ್ರ ಹಾಕಿದೆ. ಹಾಕಿದವಳು ಸುಮ್ಮನೆ ಕೂರಬೇಕಿತ್ತು. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ "ಇದು ಯಾವ ಪ್ರಾಣಿ? ಏನ್ ತಿಂತೈತಿ? ಎಲ್ಲಿರ್ತೈತಿ?" ಎಂದು ಕೇಳುತ್ತ ಹೋದೆ. ಹತ್ತನೆಯ ಪ್ರಶ್ನೆಗೋ ಏನೋ, ಮಗ ಎದ್ದು ನಿಂತ. "ಯವ್ವಾ, ಇದು ಟಿವಿನೋ ಟ್ಯೂಷನ್ನೋ?"

ಅದಾದ ಮೇಲೆ ನಾಲ್ಕು ಬೇಸಿಗೆ ಕಳೆದಿವೆ. ಈಗ ಭಾನುವಾರ ಮಧ್ಯಾಹ್ನ ಅವರೇ ಕರೆಯುತ್ತಾರೆ. ನಡುವೆ ನಾನು ಬಿಟ್ಟ ಅಭ್ಯಾಸಗಳು, ಹಿಡಿದ ಅಭ್ಯಾಸಗಳು ಇಲ್ಲಿವೆ. ಪ್ರಾಣಿಯ ತೂಕ, ಓಟದ ವೇಗ, ಆಯಸ್ಸು ಇವನ್ನೆಲ್ಲ ಕಲಿಸಲು ಚಿತ್ರ ಬೇಕಿಲ್ಲ, ಒಂದು ಪುಸ್ತಕ ಸಾಕು. ಚಿತ್ರ ನೋಡುತ್ತ ಕಲಿಯಬೇಕಾದ್ದು ಬೇರೆ: ಕಣ್ಣಮುಂದೆ ತೋರಿಸುತ್ತಿರುವುದನ್ನು ಹೇಗೆ ನೋಡಬೇಕು, ನೋಡಿದ್ದನ್ನು ನಮ್ಮೂರ ಹೊರಗಿನ ಗುಡ್ಡಕ್ಕೆ ಹೇಗೆ ಹೊಂದಿಸಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಈ ಎರಡನೆಯದೇ ಕಷ್ಟ. ಕಾಡೆಂದರೆ ಬಂಡೀಪುರ, ಇಲ್ಲವಾದರೆ ಆಫ್ರಿಕಾ ಎಂದೇ ಇಲ್ಲಿನ ಮಕ್ಕಳು ತಿಳಿದಿರುತ್ತಾರೆ. ಅವರ ಅಜ್ಜನೂ ಬಿಟ್ಟಾನೆಯೇ? "ನಮ್ಮ ಕಡಿ ಏನೈತಿ, ಕಲ್ಲು, ಜಾಲಿ" ಎಂದು ತಲೆದೂಗುತ್ತಾನೆ.

ಮೊದಲು ನೀವೊಬ್ಬರೇ ನೋಡಿ

ಮಕ್ಕಳಿಗೆ ತೋರಿಸುವ ಮುನ್ನ ಚಿತ್ರವನ್ನು ಒಮ್ಮೆ ನೀವು ನೋಡಿರಬೇಕು. ಪೂರ್ತಿ ಆಗದಿದ್ದರೆ ಅಲ್ಲಲ್ಲಿ ಓಡಿಸಿಯಾದರೂ ನೋಡಿ. ರಕ್ತ ಎಲ್ಲಿ ಬರುತ್ತದೆ, ಮರಿ ಸಾಯುವ ಭಾಗ ಎಲ್ಲಿದೆ ಎಂಬುದು ತಿಳಿದಿರಲಿ. ಪ್ರಾಣಿಗಳು ಜೊತೆಗೂಡುವ ದೃಶ್ಯವೂ ಬರುತ್ತದೆ. ಅದಕ್ಕೆ ಗಾಬರಿಯಾಗಿ ರಿಮೋಟ್ ಹುಡುಕಬೇಡಿ. ದನ, ಕುರಿ, ನಾಯಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅದು ಹೊಸದೇನಲ್ಲ, ನಿಮ್ಮ ಗಾಬರಿಯೇ ಅವರಿಗೆ ಹೊಸದು.

ಆರು ವರ್ಷದವರಿಗೆ ಇಪ್ಪತ್ತು ನಿಮಿಷ, ಹತ್ತು ಹನ್ನೊಂದರವರಿಗೆ ಮುಕ್ಕಾಲು ಗಂಟೆ ಸಾಕು. ಒಂದು ಗಂಟೆಯ ಚಿತ್ರವನ್ನು ಎರಡು ವಾರಕ್ಕೆ ಹಂಚಿದರೆ ನಷ್ಟವಿಲ್ಲ. ಕನ್ನಡ ದನಿ ಇರುವ ಚಿತ್ರ ಸಿಕ್ಕರೆ ಅದನ್ನೇ ಆರಿಸಿ. ಸಿಗದಿದ್ದರೆ ಇಂಗ್ಲಿಷಿನದ್ದೇ ಹಾಕಿ, ಆದರೆ ಸಾಲುಸಾಲಿಗೂ ಅನುವಾದ ಮಾಡಲು ಹೋಗಬೇಡಿ. ಪ್ರಾಣಿಯ ಮೈಯನ್ನು ಓದಲು ಭಾಷೆ ಬೇಕಿಲ್ಲ. ಹೆಸರಿನಲ್ಲಿ ಮಾತ್ರ ಎಚ್ಚರ ಇರಲಿ. 'ಚೀತಾ' ಎಂದು ಕಿವಿಗೆ ಬಿದ್ದೊಡನೆ ನಮ್ಮ ಬಾಯಲ್ಲಿ 'ಚಿರತೆ' ಎಂದು ಬಂದುಬಿಡುತ್ತದೆ. ಎರಡೂ ಬೇರೆ. ಚೀತಾದ ಮೈಮೇಲೆ ಬೆರಳಿನಿಂದ ಇಟ್ಟಂತೆ ತುಂಬಿದ ಕಪ್ಪು ಚುಕ್ಕೆ, ಕಣ್ಣಿನಿಂದ ಬಾಯಿಯ ತನಕ ಕಾಡಿಗೆ ಇಳಿದಂಥ ಗೆರೆ. ಚಿರತೆಯ ಮೈಮೇಲೆ ಹೂವಿನಂತೆ ನಡುವೆ ಬಿಡುವಿರುವ ಚುಕ್ಕೆಗಳ ಗುಂಪು. ಆನೆಗೊಂದಿ ಗುಡ್ಡದಲ್ಲಿ ಕಾಣಿಸಿತೆಂದು ಪೇಪರಿನಲ್ಲಿ ಆಗಾಗ ಬರುವುದು ಚಿರತೆ.

ಚಿತ್ರ ಬಂದ ವರ್ಷವನ್ನೂ ನೋಡಿಕೊಳ್ಳಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಭಾರತದಲ್ಲಿ ಚೀತಾ ಅಳಿಯಿತೆಂದು 1952ರಲ್ಲಿ ಘೋಷಿಸಿದ್ದರು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ತಂದು ಬಿಟ್ಟರು. ನಡುವಿನ ಎಪ್ಪತ್ತು ವರ್ಷಗಳ ಯಾವ ಚಿತ್ರ ಹಾಕಿದರೂ 'ಭಾರತದಲ್ಲಿ ಚೀತಾ ಇಲ್ಲ' ಎಂದೇ ಹೇಳುತ್ತದೆ. ತೋಳದ ವಿಷಯವೂ ಹಾಗೆಯೇ. ಹಳೆಯ ಚಿತ್ರಗಳಲ್ಲಿ ಕಾದಾಡಿ ಗೆದ್ದ ಒಂದು 'ಆಲ್ಫಾ' ಗಂಡು ಗುಂಪನ್ನು ಆಳುತ್ತದೆ. ಆ ಮಾತನ್ನು ಹೆಚ್ಚು ಹಬ್ಬಿಸಿದ ಪುಸ್ತಕ 1970ರದ್ದು, ಬರೆದವರು ಡೇವಿಡ್ ಮೀಚ್ ಎಂಬ ಅಮೆರಿಕದ ವಿಜ್ಞಾನಿ. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಅವರೇ ಅದನ್ನು ಹಿಂತೆಗೆದುಕೊಂಡರು. ತೋಳದ ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅವ್ವ, ಮಕ್ಕಳು, ಅಷ್ಟೇ. ಬರೆದವರೇ ತಮ್ಮ ಮಾತು ತಿದ್ದಿಕೊಂಡರು ಎಂಬುದು ನನ್ನ ಮಗನಿಗೆ ತೋಳಕ್ಕಿಂತ ದೊಡ್ಡ ಸುದ್ದಿಯಾಯಿತು.

ಹುಣಸೆಬೀಜದ ಲೆಕ್ಕ

ಈಗ ಕೂರುವ ಏರ್ಪಾಡು. ಮೊದಲು ಹೊಟ್ಟೆ ತುಂಬಿರಲಿ. ನಮ್ಮಲ್ಲಿ ಒಗ್ಗರಣಿ, ಮಿರ್ಚಿ ತಟ್ಟೆ ಖಾಲಿಯಾದ ಮೇಲೇ ಟಿವಿ. ಮಿರ್ಚಿ ಕೈಯಲ್ಲಿ ರಿಮೋಟ್ ಹಿಡಿದರೆ ಏನಾಗುತ್ತದೆಂದು ಒಮ್ಮೆ ಕಂಡಿದ್ದೇನೆ. ಗೋಡೆಗೆ ಶಾಲೆಯ ಭೂಪಟವಿರಲಿ, ಕೈಗೊಂದು ಇನ್ನೂರು ಪುಟದ ನೋಟ್‌ಬುಕ್. ಕರೆಂಟ್ ಹೋದರೆ ಎಲ್ಲಿಗೆ ನಿಂತಿತೆಂದು ಆ ನೋಟ್‌ಬುಕ್ಕಿನಲ್ಲಿ ನಿಮಿಷ ಬರೆದಿಡಿ. ಹೋಗುವುದಂತೂ ಹೋಗುತ್ತದೆ.

ಪ್ರತಿ ಮಗುವಿನ ಕೈಗೆ ಮೂರು ಹುಣಸೆಬೀಜ ಕೊಡಿ. ಚಿತ್ರ ನಿಲ್ಲಿಸಿ ಏನಾದರೂ ಕೇಳಬೇಕೆಂದರೆ ಒಂದು ಬೀಜ ತಟ್ಟೆಗೆ ಹಾಕಬೇಕು. ಬೀಜ ಮುಗಿದರೆ ಮಾತು ಮುಗಿಯಿತು. ದೊಡ್ಡವರಿಗೆ ಒಂದೇ ಬೀಜ. ಈ ಕೊನೆಯ ನಿಯಮ ಮುರಿಯಬೇಡಿ, ನಮ್ಮ ಟ್ಯೂಷನ್ ಚಟಕ್ಕೆ ಅದೇ ಮದ್ದು. ಬೀಜ ಖರ್ಚಾಗುವ ಪ್ರಶ್ನೆಯಾದ್ದರಿಂದ ಮಕ್ಕಳು ಯೋಚಿಸಿಯೇ ಕೇಳುತ್ತಾರೆ. ಪೆಂಗ್ವಿನ್ ಚಿತ್ರ ನೋಡುವಾಗ ಆರು ವರ್ಷದ ಮಗಳು ಮೊದಲ ಅರ್ಧ ಗಂಟೆ ಬೀಜ ಬಿಗಿಹಿಡಿದು ಕೂತಿದ್ದಳು. ಎಂಪರರ್ ಪೆಂಗ್ವಿನ್‌ನಲ್ಲಿ ಗಂಡೇ ಎರಡು ತಿಂಗಳಿಗೂ ಮಿಕ್ಕಿ ಊಟವಿಲ್ಲದೆ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಕಾವು ಕೊಡುತ್ತದೆ ಎಂದಾಗ ಟಪ್ಪನೆ ಒಂದು ಹಾಕಿದಳು. "ಅದರ ಅವ್ವ ಎಲ್ಲಿಗೆ ಹೋಗ್ಯಾಳ?" ಸಮುದ್ರಕ್ಕೆ, ತಿಂದು ತುಂಬಿಕೊಂಡು ಬರಲು. ಮಗಳು ಅಪ್ಪನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಬರೆಯಲಾರೆ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಇದ್ದದ್ದು ಇದ್ದಂತೆ ನೋಟ್‌ಬುಕ್ಕಿಗೆ ಹಾಕಿ. ಆ ಕ್ಷಣವೇ ಮೊಬೈಲ್ ತೆಗೆದು ಹುಡುಕಬೇಡಿ, ಅಲ್ಲಿಗೆ ಚಿತ್ರ ಮುಗಿದಂತೆ. ವಾರದ ನಡುವೆ ಹುಡುಕಿ ಬರೆದರೆ ಸಾಕು. ನಮ್ಮ ನೋಟ್‌ಬುಕ್ಕಿನಲ್ಲಿ ಎರಡು ವರ್ಷದಿಂದ ಉತ್ತರ ಸಿಗದೆ ಕೂತಿರುವ ಪ್ರಶ್ನೆಗಳೂ ಇವೆ.

ದನಿ ತೆಗೆದು ಒಮ್ಮೆ, ದನಿ ಹಾಕಿ ಒಮ್ಮೆ

ಮೂರು ನಿಮಿಷದ ಒಂದು ತುಣುಕು ಆರಿಸಿ. ಕತ್ತೆಕಿರುಬ ಬರುವ ಭಾಗವಾದರೆ ಇನ್ನೂ ಒಳ್ಳೆಯದು. ಮೊದಲು ಹಾಗೇ ತೋರಿಸಿ: ಎದೆ ನಡುಗಿಸುವ ಸಂಗೀತ, 'ಹೊಂಚು', 'ಕ್ರೂರ' ಎಂಬ ಮಾತುಗಳು. ಮಕ್ಕಳು ದಿಂಬು ಅಪ್ಪಿಕೊಳ್ಳುತ್ತಾರೆ. ಅದೇ ತುಣುಕನ್ನು ಈಗ ದನಿ ತೆಗೆದು ತೋರಿಸಿ. ಒಂದು ಪ್ರಾಣಿ ಹುಲ್ಲಿನಲ್ಲಿ ನಡೆದು ಹೋಗುತ್ತಿದೆ, ಬೇರೇನೂ ಇಲ್ಲ. "ಈಗ್ಯಾಕ ಅಂಜಿಕಿ ಬರವಲ್ದು?" ಎಂದು ಪಕ್ಕದ ಮನೆಯ ಹುಡುಗ ಕೇಳಿದ. ಅವತ್ತು ನಾನು ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ, ಉಳಿದವರೇ ಉತ್ತರ ಕೊಟ್ಟರು.

ಆಮೇಲೆ ದನಿ ತೆಗೆದ ಚಿತ್ರಕ್ಕೆ ಮಕ್ಕಳೇ ಮಾತು ಕೂಡಿಸಲಿ. ನಮ್ಮಲ್ಲಿ ಒಬ್ಬ ಕ್ರಿಕೆಟ್ ಕಾಮೆಂಟ್ರಿಯ ಧಾಟಿಯಲ್ಲಿ ಹೇಳುತ್ತಾನೆ, ಇನ್ನೊಬ್ಬಳು ಬಯಲಾಟದ ರಕ್ಕಸನ ಗತ್ತಿನಲ್ಲಿ. ಮೂರನೆಯ ಸಲ ಸಿಂಹದ ಪರವಾಗಿ ಒಬ್ಬರು, ಜಿಂಕೆಯ ಪರವಾಗಿ ಒಬ್ಬರು ಹೇಳಬೇಕು. ಚಿತ್ರ ಒಂದೇ, ಕಥೆ ಎರಡು.

ಸದ್ದಿನ ಬಗ್ಗೆ ಇನ್ನೊಂದು ಮಾತು. ಬಹಳ ದೂರದಿಂದ ದೊಡ್ಡ ಲೆನ್ಸ್ ಹಾಕಿ ತೆಗೆದ ದೃಶ್ಯದಲ್ಲಿ ಪ್ರಾಣಿಯ ಹೆಜ್ಜೆಸಪ್ಪಳ ಮೈಕಿಗೆ ಸಿಗುವುದಿಲ್ಲ. ಅಂಥ ಸದ್ದುಗಳನ್ನು ಬಹಳ ಸಲ ಆಮೇಲೆ ಸ್ಟುಡಿಯೊದಲ್ಲಿ ಮಾಡಿ ಸೇರಿಸುತ್ತಾರೆ. ಹಿಮದ ಮೇಲಿನ ಹೆಜ್ಜೆಗೆ ಕಾರ್ನ್‌ಫ್ಲೋರ್ ತುಂಬಿದ ಚೀಲ ಹಿಸುಕುವುದು ಆ ಕಸುಬಿನವರ ಹಳೆಯ ಉಪಾಯ. ಇದನ್ನು ಹೇಳಿ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆ ಅರ್ಧ ಖಾಲಿ. ಒಣಎಲೆಯ ಸದ್ದಿಗೆ ಮಂಡಕ್ಕಿ, ಒಣಹುಲ್ಲಿಗೆ ಹಿತ್ತಿಲಿನ ಜೋಳದ ಕಣಿಕಿ, ಮೂಳೆ ಮುರಿಯುವುದಕ್ಕೆ ಸೌತೆಕಾಯಿ. ಹಾಳಾದರೆ ಆಗಲಿ, ಒಂದು ಪಾವು ಮಂಡಕ್ಕಿ.

ಚಪ್ಪಾಳೆ ಆಟ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ. ಬೇಟೆಯ ದೃಶ್ಯ ಬಂದಾಗ, ತೆರೆಯ ಮೇಲಿನ ಚಿತ್ರ ಬದಲಾದ ಪ್ರತಿ ಸಲವೂ ಒಂದು ಚಪ್ಪಾಳೆ. ಹುಲ್ಲು, ಕಣ್ಣು, ಕಾಲು, ಮೇಲಿನಿಂದ ಕಂಡ ಬಯಲು, ಮತ್ತೆ ಕಣ್ಣು: ಟಪ್, ಟಪ್, ಟಪ್. ಒಂದು ನಿಮಿಷದೊಳಗೆ ಕೈ ಕೆಂಪಾಗುತ್ತವೆ. ಆಗ ನಿಮ್ಮ ಒಂದೇ ಬೀಜ ಖರ್ಚು ಮಾಡಿ ಕೇಳಿ: ಇಷ್ಟು ಕಡೆಯಿಂದ ಒಂದೇ ಓಟವನ್ನು ತೆಗೆಯಲು ಎಷ್ಟು ಕ್ಯಾಮೆರಾ ಬೇಕು? ಮೊದಲು ಕಂಡ ಜಿಂಕೆ, ಕೊನೆಗೆ ಬಿದ್ದ ಜಿಂಕೆ ಎರಡೂ ಒಂದೇನಾ?

ಬೇರೆ ಬೇರೆ ದಿನದ ಓಟಗಳನ್ನು ಕೂಡಿಸಿ ಒಂದು ಬೇಟೆ ಮಾಡುವುದು ಈ ಕಸುಬಿನಲ್ಲಿ ನಡೆದು ಬಂದದ್ದೇ. ಅದನ್ನು ಸುಳ್ಳು ಎನ್ನಬೇಕೋ ಕಥೆ ಹೇಳುವ ಬಗೆ ಎನ್ನಬೇಕೋ ಮಕ್ಕಳೇ ವಾದಿಸಲಿ. ವಾದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

1958ರಲ್ಲಿ ಡಿಸ್ನಿ ಕಂಪನಿಯ 'ವೈಟ್ ವೈಲ್ಡರ್‌ನೆಸ್' ಎಂಬ ಚಿತ್ರ ಬಂತು. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಹಿಂಡುಹಿಂಡಾಗಿ ಬಂದು ಬಂಡೆಯ ತುದಿಯಿಂದ ನೀರಿಗೆ ಬೀಳುವುದನ್ನು ಅದರಲ್ಲಿ ತೋರಿಸಿದರು. ಚಿತ್ರಕ್ಕೆ ಆಸ್ಕರ್ ಬಂತು, ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಮಾತು ಜಗತ್ತಿಗೆಲ್ಲ ಹಬ್ಬಿತು. 1982ರಲ್ಲಿ ಕೆನಡಾದ ಟಿವಿಯವರು ಬಯಲು ಮಾಡಿದ ಸತ್ಯವೇ ಬೇರೆ. ಪ್ರಾಣಿಗಳನ್ನು ಕೊಂಡುತಂದು, ತಿರುಗುವ ಹಲಗೆಯ ಮೇಲೆ ಓಡಿಸಿ, ಕೊನೆಗೆ ಕೈಯಾರೆ ನೀರಿಗೆ ತಳ್ಳಿದ್ದರು. ಲೆಮ್ಮಿಂಗ್‌ಗಳಿಗೆ ಸಾಯುವ ಹಟ ಇರಲೇ ಇಲ್ಲ.

ಇನ್ನೊಂದು 2011ರ 'ಫ್ರೋಜನ್ ಪ್ಲಾನೆಟ್' ಸರಣಿಯದ್ದು. ಅದರಲ್ಲಿ ಹಿಮಕರಡಿ ಗೂಡಿನೊಳಗೆ ಆಗತಾನೇ ಹುಟ್ಟಿದ ಮರಿಗಳ ಜೊತೆ ಮಲಗಿರುವ ದೃಶ್ಯವಿದೆ. ಅದನ್ನು ತೆಗೆದದ್ದು ನೆದರ್ಲೆಂಡ್ಸಿನ ಒಂದು ಪ್ರಾಣಿಸಂಗ್ರಹಾಲಯದಲ್ಲಿ. ಕಾಡಿನ ಬಾಣಂತಿ ಕರಡಿಯ ಗೂಡಿಗೆ ಕ್ಯಾಮೆರಾ ತೂರಿಸಿದರೆ ಅದು ಮರಿಗಳನ್ನೇ ಕೊಲ್ಲಬಹುದು, ಇಲ್ಲವೇ ಕ್ಯಾಮೆರಾದವನು ಉಳಿಯಲಿಕ್ಕಿಲ್ಲ ಎಂಬುದು ಮಾಡಿದವರ ಸಮರ್ಥನೆ.

ಎರಡೂ ಒಂದೇ ಬಗೆಯ ಸುಳ್ಳೇ? ನಮ್ಮ ಮನೆಯಲ್ಲಿ ಇಬ್ಬರು ಹೌದು ಎಂದರು, ಮೂವರು ಅಲ್ಲ ಎಂದರು. "ಲೆಮ್ಮಿಂಗ್ ಸತ್ತುವಲ್ಲ, ಕರಡಿಗೆ ಏನೂ ಆಗಿಲ್ಲ" ಎಂದಳು ನಮ್ಮ ಆರು ವರ್ಷದವಳು. ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ. ಆದರೂ ಗೂಡಿನ ದೃಶ್ಯ ಬರುವಾಗಲೇ ಒಂದು ಮಾತು ಹೇಳಿಬಿಡಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ರಕ್ತ ಕಂಡಾಗ

ಸಣ್ಣವರ ಕಣ್ಣು ತಟ್ಟನೆ ಮುಚ್ಚಬೇಡಿ. ಮುಂಚೆಯೇ ಹೇಳಿ: "ಇನ್ನೊಂದು ನಿಮಿಷಕ್ಕೆ ಹಿಡಿತೈತಿ, ನೋಡ್ತೀಯೋ, ಅಡಗಿ ಮನಿಗೆ ಹೋಗಿ ನೀರು ಕುಡಿದು ಬರ್ತೀಯೋ?" ಆಯ್ಕೆ ಮಗುವಿನದಾಗಲಿ. ಎದ್ದು ಹೋದ ಮಗುವನ್ನು ಉಳಿದವರು ಹಾಸ್ಯ ಮಾಡಕೂಡದು. ಬೇಟೆಯಾದ ಮೇಲೆ ಚಿತ್ರವನ್ನು ಅಲ್ಲಿಗೇ ನಿಲ್ಲಿಸುವುದು ತಪ್ಪು, ಬೇಟೆಗಾರನ ಮರಿಗಳು ತಿನ್ನುವವರೆಗೆ ಓಡಲಿ. ಮೊದಲ ವರ್ಷ ನಾನೇ ಗಾಬರಿಯಿಂದ ನಡುವೆ ಆರಿಸಿಬಿಟ್ಟಿದ್ದೆ. ಅವತ್ತು ರಾತ್ರಿ ಮಗಳಿಗೆ ನಿದ್ದೆ ಇಲ್ಲ, ನನಗೂ ಇಲ್ಲ. ಅರ್ಧ ನೋಡಿದ ಸಾವೇ ಹೆಚ್ಚು ಕಾಡುತ್ತದೆ.

ಅಲ್ಲಿಯ ಪ್ರಾಣಿ, ಇಲ್ಲಿಯ ಜೋಡಿ

ಚಿತ್ರ ಮುಗಿದ ಮೇಲೆ ನೋಟ್‌ಬುಕ್ಕಿನ ಒಂದು ಪುಟವನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಕ್ಕೆ ಚಿತ್ರದಲ್ಲಿ ಕಂಡ ಪ್ರಾಣಿ, ಬಲಕ್ಕೆ ಅದೇ ಕೆಲಸ ಮಾಡುವ ನಮ್ಮ ಕಡೆಯ ಪ್ರಾಣಿ. ಅದೇ ಜಾತಿಯೇ ಆಗಬೇಕೆಂದಿಲ್ಲ, ಅದೇ ಕಸುಬಾದರೆ ಸಾಕು. ಈ ಪುಟ ತುಂಬಿಸಲು ಹೊರಟಾಗಲೇ ಅಜ್ಜನ 'ಕಲ್ಲು, ಜಾಲಿ' ಮಾತು ಸುಳ್ಳಾಗತೊಡಗಿದ್ದು.

ಕರಡಿಯಿಂದ ಶುರು ಮಾಡಿ. ಚಿತ್ರದ ಕರಡಿ ಹೊಳೆಯಲ್ಲಿ ನಿಂತು ಜಿಗಿಯುವ ಮೀನು ಹಿಡಿಯುತ್ತದೆ, ಚಳಿಗಾಲವಿಡೀ ನಿದ್ದೆ ಹೊಡೆಯುತ್ತದೆ. ಹಂಪಿಯ ಹತ್ತಿರದ ದರೋಜಿ ಕರಡಿಧಾಮದ ಕರಡಿಗೆ ಆ ನಿದ್ದೆಯೂ ಇಲ್ಲ, ಆ ಮೀನೂ ಇಲ್ಲ. ಅದರ ಊಟ ಗೆದ್ದಲು, ಇರುವೆ, ಜೇನು, ಬಾರಿಹಣ್ಣು, ಕವಳಿಹಣ್ಣು. ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಅದಕ್ಕಿರುವುದಿಲ್ಲ. ಉದ್ದ ಉಗುರಿನಿಂದ ಹುತ್ತ ಕೆದರಿ, ಉಫ್ ಎಂದು ಮಣ್ಣು ಊದಿ, ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಆ ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ. ಮಂಡಕ್ಕಿ ಒಳಗೆ ಹೋಗದಷ್ಟು ಸಣ್ಣ ಸ್ಟ್ರಾ ಕೊಟ್ಟು, ತಟ್ಟೆಯಿಂದ ಒಂದೊಂದೇ ಕಾಳು ಹೀರಿ ಎತ್ತಲು ಹೇಳಿ. ಹಲ್ಲಿನ ಸಂದಿಯ ಉಪಯೋಗ ಅರೆಗಳಿಗೆಯಲ್ಲಿ ತಿಳಿಯುತ್ತದೆ. ಹಾಲುಹಲ್ಲು ಬಿದ್ದ ನಮ್ಮ ಮಗಳಿಗಂತೂ ಅವತ್ತಿನಿಂದ ಹೆಮ್ಮೆ.

ಪಂಡಿತರೂ ಇದರ ವಿಷಯದಲ್ಲಿ ಎಡವಿದ್ದಾರೆ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿದ್ವಾಂಸ ಇದರ ಉಗುರು, ಹಲ್ಲು ನೋಡಿ ಅಮೆರಿಕದ ಮರಗಳಿಗೆ ಜೋತುಬೀಳುವ ಸ್ಲಾತ್ ಪ್ರಾಣಿಯ ಬಳಗವೆಂದು ತಿಳಿದು ಹೆಸರಿಟ್ಟ. ತಪ್ಪು ತಿದ್ದಿ ಎಷ್ಟು ಕಾಲವಾಯಿತು, ಇಂಗ್ಲಿಷಿನಲ್ಲಿ ಇನ್ನೂ ಇದು ಸ್ಲಾತ್ ಬೇರ್. ನಮಗೆ ಮಾತ್ರ ಮೊದಲಿನಿಂದಲೂ ಕರಡಿ, ಜಾಂಬವಂತನ ಕುಲ. ಕಿಷ್ಕಿಂಧೆ ಇಲ್ಲೇ ಆನೆಗೊಂದಿಯ ಮಗ್ಗುಲಲ್ಲಿ ಎಂದು ನಂಬುವ ನಮಗೆ ಈ ಪ್ರಾಣಿಯನ್ನು ಬೇರೆಯವರು ಪರಿಚಯಿಸಬೇಕಾಗಿ ಬಂದದ್ದೇ ಸೋಜಿಗ.

ಹುತ್ತದ ಮಾತು ಬಂದಾಗ ಇನ್ನೊಂದು ಗಂಟು ಬಿಡಿಸಿ. ಪಂಚಮಿಗೆ ಹಾಲೆರೆಯುವ ಮಕ್ಕಳು ಹುತ್ತ ಹಾವು ಕಟ್ಟಿದ ಮನೆ ಎಂದುಕೊಂಡಿರುತ್ತಾರೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಗಾದೆ ಅಜ್ಜಿಗೆ ಗೊತ್ತಿರುತ್ತದೆ, ಅವಳ ಬಾಯಿಂದಲೇ ಹೇಳಿಸಿ.

ತೋಳ ಎರಡನೆಯದು. ಟಿವಿಯ ತೋಳ ಹಿಮದಲ್ಲಿ ನಿಂತು ಊಳಿಡುತ್ತದೆ, ಮೈತುಂಬ ದಪ್ಪ ತುಪ್ಪಳ. ನಮ್ಮ ಬಯಲಿನದು ಸಣಕಲು, ಕಂದು ಮೈಯದು. ದೂರದಿಂದ ಕಂಡರೆ ನಾಯಿ ಎಂದು ಬಿಟ್ಟುಬಿಡುತ್ತೀರಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲೇ ತೋಳಕ್ಕೆಂದು 332 ಹೆಕ್ಟೇರಿನ ಧಾಮವಾಗಿದೆ. ಜಾರ್ಖಂಡಿನ ಮಹುವಾಡಾಂಡ ಬಿಟ್ಟರೆ ದೇಶದಲ್ಲಿ ಇದು ಎರಡನೆಯದು. ನಮ್ಮ ಮಕ್ಕಳು ತೋಳದ ಬಗ್ಗೆ ಕಲಿತಿದ್ದದ್ದು ಎರಡೇ ವಿಷಯ: 'ತೋಳ ಬಂತು ತೋಳ' ಕಥೆ, 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು' ಎಂಬ ಗಾದೆ. ಎರಡರಲ್ಲೂ ತೋಳಕ್ಕೆ ಬಾಯಿಯೇ ಇಲ್ಲ. ಹಾಗಾಗಿ ಆ ಕಥೆಯನ್ನು ತೋಳದ ಬಾಯಲ್ಲಿ ಹೇಳುವುದು ನಮ್ಮಲ್ಲಿ ಈಗ ಒಂದು ಆಟ.

ನೀರುನಾಯಿ ನಮಗೆ ಇನ್ನೂ ಹತ್ತಿರದ್ದು. ಚಿತ್ರದಲ್ಲಿ ಕಡಲ ನೀರುನಾಯಿ ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಒಡೆಯುವುದನ್ನು ನೋಡಿ ಮಕ್ಕಳು ಹೊರಳಾಡಿ ನಗುತ್ತಾರೆ. ಅದರ ಬಂಧು ತುಂಗಭದ್ರೆಯಲ್ಲೇ ಇದೆ, ಗುಂಪು ಕಟ್ಟಿ ಮೀನು ಅಟ್ಟುತ್ತದೆ. ಮುದ್ಲಾಪುರದಿಂದ ಕಂಪ್ಲಿಯ ತನಕ ಹೊಳೆಯ 34 ಕಿಲೋಮೀಟರ್ ಉದ್ದವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಘೋಷಿಸಿದ್ದಾರೆ. ವಾರಕ್ಕೊಮ್ಮೆ ನಾವು ದಾಟುವ ಸೇತುವೆಯ ಕೆಳಗೇ ಅದು ಇರಬಹುದೆಂದು ತಿಳಿದ ಮೇಲೆ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳ.

ಚಿಗರಿಯದು ಬೇರೆ ಕಥೆ. ಯಲಬುರ್ಗಾ, ಕುಕನೂರು ಕಡೆಯ ಎರೆಹೊಲಗಳಲ್ಲಿ ಹಿಂಡುಗಟ್ಟಿ ಓಡುವ ಕೃಷ್ಣಮೃಗವನ್ನು ನಮ್ಮ ಮಕ್ಕಳು ಬಸ್ಸಿನಿಂದ ಕಂಡೇ ಇರುತ್ತಾರೆ. ಚಿತ್ರದ ಆಫ್ರಿಕಾದ ಜಿಂಕೆಗಳಿಗೆ ಬೆನ್ನಟ್ಟುವ ಚೀತಾ ಇದೆ. ನಮ್ಮ ಚಿಗರಿ ಗಂಟೆಗೆ 80 ಕಿಲೋಮೀಟರ್ ಹತ್ತಿರ ಓಡುತ್ತದಲ್ಲ, ಯಾರ ಹೆದರಿಕೆಗೆ? ಭಾರತದಲ್ಲಿ ಚೀತಾ ಇದ್ದಾಗ ಅದರ ಮುಖ್ಯ ಬೇಟೆಗಳಲ್ಲಿ ಒಂದು ಈ ಚಿಗರಿಯೇ. ಬೆನ್ನಟ್ಟುವವನು ಹೋಗಿ ದಶಕಗಳಾದರೂ ಓಟ ಉಳಿದಿದೆ. ಇದನ್ನು ಕೇಳಿದ ಮಗ ಬಹಳ ಹೊತ್ತು ಸುಮ್ಮನಿದ್ದ.

ಪುಟದಲ್ಲಿ ಬಲಗಡೆ ಖಾಲಿ ಉಳಿಯುವ ಸಾಲುಗಳೂ ಇರುತ್ತವೆ. ಜಿರಾಫೆಗೆ ನಮ್ಮಲ್ಲಿ ಜೋಡಿ ಯಾರು? ಮುಳ್ಳುಜಾಲಿಯ ತುದಿ ಮೇಯುವ ಒಂಟೆ ಎಂದನೊಬ್ಬ, ಹಿಂಗಾಲ ಮೇಲೆ ನಿಂತ ಆಡು ಎಂದಳೊಬ್ಬಳು. ನಾನು ಆಡಿಗೆ ಓಟು ಹಾಕಿದೆ.

ಹಾವಿನ ಚಿತ್ರವಾದರೆ

ಇಲ್ಲಿ ಮಾತ್ರ ಆಟವಿಲ್ಲ, ಬೀಜದ ಲೆಕ್ಕವೂ ಇಲ್ಲ. ತೆರೆಯ ಮೇಲೆ ಒಬ್ಬ ಹಾವನ್ನು ಬಾಲ ಹಿಡಿದು ಎತ್ತಿದರೆ ಚಿತ್ರ ನಿಲ್ಲಿಸಿ ನೇರವಾಗಿ ಹೇಳಿ: ಇದನ್ನು ಮಾಡಕೂಡದು. ನಮ್ಮ ಹೊಲ, ಹಿತ್ತಿಲು, ಕಲ್ಲುಗುಂಪೆಗಳಲ್ಲಿ ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಮೂರೂ ಇವೆ. ಹಾವು ಕಂಡರೆ ಹಿಂದೆ ಸರಿಯಬೇಕು, ದೊಡ್ಡವರನ್ನು ಕೂಗಬೇಕು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಯಾವುದೂ ಬೇಡ, ಕಚ್ಚಿದ ಕೈಕಾಲು ಅಲುಗಾಡಿಸದೆ ಸೀದಾ ಸರ್ಕಾರಿ ಆಸ್ಪತ್ರೆಗೆ. ಪ್ರತಿ ಸಲವೂ ಇದನ್ನು ಹೇಳಿ. ಬೇಸರವಾದರೂ ಹೇಳಿ.

ಚಿತ್ರದಲ್ಲಿ ಮನುಷ್ಯರು ಎಲ್ಲಿ?

ದೊಡ್ಡ ದೊಡ್ಡ ಚಿತ್ರಗಳಲ್ಲೂ ಒಂದು ಕೊರತೆ ಇದೆ. ಅಷ್ಟು ಅಗಲದ ಬಯಲಿನಲ್ಲಿ ಒಂದು ಊರಿಲ್ಲ, ತಂತಿಕಂಬವಿಲ್ಲ, ಕುರಿ ಕಾಯುವವನಿಲ್ಲ. ಇದ್ದರೂ ಕ್ಯಾಮೆರಾ ಆ ಕಡೆ ತಿರುಗುವುದಿಲ್ಲ. ನಮ್ಮಲ್ಲಿ ಹಾಗೆ ನೋಡಲು ಬರುವುದಿಲ್ಲ. ಕರಡಿ ಶೇಂಗಾ ಹೊಲಕ್ಕೆ ಇಳಿಯುತ್ತದೆ, ಚಿಗರಿ ಮೊಳಕೆ ಮೇಯುತ್ತದೆ, ನೀರುನಾಯಿ ಬಲೆ ಹರಿಯುತ್ತದೆ. ಗುಡ್ಡದ ಮಗ್ಗುಲಿನ ಊರುಗಳಲ್ಲಿ ಕರಡಿ ಮೈಮೇಲೆ ಬಿದ್ದು ಗಾಯಗೊಂಡವರನ್ನು ಕಂಡವರಿದ್ದಾರೆ. ಇದನ್ನೆಲ್ಲ ಬಿಟ್ಟು 'ಪ್ರಾಣಿಗಳು ನಮ್ಮ ಸ್ನೇಹಿತರು' ಎಂದು ಬರೆಸಿದರೆ ಹೊಲವಿರುವ ಮನೆಯ ಮಗು ನಮ್ಮನ್ನು ನಂಬುವುದಿಲ್ಲ.

ಅದಕ್ಕೆ ನಾನು ಮಾಡಿದ್ದು ಇಷ್ಟು. ಸುಗ್ಗಿಯಾದ ಮೇಲೆ ಹೊಲದಲ್ಲಿ ಕುರಿ ತರುಬುತ್ತಾರಲ್ಲ, ಅಂಥ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ ಕುರಿಗಾರ ಅಜ್ಜನ ಎದುರು ಕೂರಿಸಿದೆ. ತೋಳದ ಬಗ್ಗೆ ಕೇಳಿ ಎಂದೆ. "ತ್ವಾಳ ನಿನ್ನ ಕುರಿ ತಿಂದಿಲ್ಲೇನಜ್ಜಾ?" "ತಿಂದಾವಪ್ಪಾ, ಅದರ ಪಾಲು ಅದು ಒಯ್ತೈತಿ." "ಸಿಟ್ಟು ಬರಂಗಿಲ್ಲ?" "ಬರ್ತೈತಿ. ಅದಕ್ಕs ನಾಯಿ ಸಾಕೇನಿ." ಕಂಬಳಿ ಸರಿಮಾಡಿಕೊಂಡು ಅಜ್ಜ, ತೋಳ ಯಾವ ಹೊತ್ತಿಗೆ ಬರುತ್ತದೆ, ಗಾಳಿ ಯಾವ ಕಡೆ ಇದ್ದಾಗ ಬರುತ್ತದೆ, ನಾಯಿ ಹೇಗೆ ಬೊಗಳಿದರೆ ತೋಳ, ಹೇಗೆ ಬೊಗಳಿದರೆ ನರಿ ಎಂದು ಮುಕ್ಕಾಲು ಗಂಟೆ ಹೇಳಿದ. ಯಾವ ಮಗುವೂ ಮಿಸುಕಲಿಲ್ಲ. ಬರುವಾಗ ಅವನಿಗೆ ಎಲೆಅಡಿಕೆ ಕೊಟ್ಟು ಬಂದೆವು.

ದರೋಜಿಗೆ ಹೋಗುವುದಾದರೆ

ಹತ್ತು ಹನ್ನೆರಡು ಚಿತ್ರಗಳಾದ ಮೇಲೆ ಒಂದು ಸಲ ಹೋಗಿ, ಮೊದಲೇ ಬೇಡ. ಸಂಡೂರು, ಹೊಸಪೇಟೆ ಸೀಮೆಯ ಈ ಕಲ್ಲುಗುಡ್ಡಗಳನ್ನು 1994ರಲ್ಲಿ ಕರಡಿಧಾಮ ಮಾಡಿದ್ದಾರೆ. ಹಂಪಿ, ಕಮಲಾಪುರದಿಂದ ಹತ್ತಿರ. ಕರಡಿ ಕಾಣುವುದು ಮಧ್ಯಾಹ್ನದ ಮೇಲೆಯೇ, ಕಾವಲುಗೋಪುರದ ಮೇಲೆ ಕೂತು ನೋಡಬೇಕು. ಗೇಟಿನ ಸಮಯವನ್ನು ಅರಣ್ಯ ಇಲಾಖೆಯವರಲ್ಲಿ ಮುಂಚೆಯೇ ಕೇಳಿಕೊಳ್ಳಿ. ಮಕ್ಕಳಿಗೆ ಮಣ್ಣುಬಣ್ಣದ ಬಟ್ಟೆ ಹಾಕಿ, ಟೋಪಿ ಹಾಕಿ, ನೀರು ಹೆಚ್ಚಿಗೆ ಒಯ್ಯಿರಿ. ಕುರುಕುರು ತಿಂಡಿಯ ಪೊಟ್ಟಣ ಬೇಡ, ಬಿಚ್ಚುವಾಗಿನ ಸದ್ದು ಗುಡ್ಡದ ತನಕ ಹೋಗುತ್ತದೆ. ದುರ್ಬೀನು ಒಂದಿದ್ದರೂ ಸಾಕು, ಸರದಿ ಮೊದಲೇ ಗೊತ್ತುಮಾಡಿ, ಹುಣಸೆಬೀಜ ಅಲ್ಲಿಗೂ ಬರಲಿ.

ಕರಡಿಗಳು ಬರಲೆಂದು ಸಿಬ್ಬಂದಿ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕದಂಥ ಸಿಹಿ ಬಳಿಯುವುದುಂಟು. ಇದನ್ನು ಮುಚ್ಚಿಡಬೇಡಿ. "ಹಂಗಾದ್ರ ಇದೂ ಸಿನಿಮಾನs" ಎಂದ ನನ್ನ ಮಗ, ಹಿಮಕರಡಿಯ ಗೂಡನ್ನು ನೆನಪಿಸಿಕೊಂಡು. ಗೋಪುರದ ಮೆಟ್ಟಿಲ ಮೇಲೆಯೇ ಮತ್ತೆ ವಾದ ಶುರುವಾಯಿತು, ಪಿಸುಮಾತಿನಲ್ಲಿ.

ಆಮೇಲೆ ಕಾಯುವುದು. ಇಪ್ಪತ್ತು ನಿಮಿಷ ಬರೀ ಬಂಡೆ, ಒಂದು ನವಿಲು, ಮತ್ತೆ ಬರೀ ಬಂಡೆ. ಚಿತ್ರದಲ್ಲಿ ಕತ್ತರಿಸಿ ಬಿಸಾಡುವುದು ಈ ಭಾಗವನ್ನೇ. ಪಕ್ಕದ ಮನೆಯ ಹುಡುಗ ಎರಡೂ ಅಂಗೈ ಎದುರುಬದುರು ಹಿಡಿದು ಚಪ್ಪಾಳೆಗೆ ಸಿದ್ಧನಾಗಿ ಕೂತಿದ್ದ. ತೆರೆ ಬದಲಾಗಲೇ ಇಲ್ಲ. ನಲವತ್ತು ನಿಮಿಷಕ್ಕೆ ಬಂಡೆಯ ನೆರಳೊಂದು ಕದಲಿ, ಬೆನ್ನಮೇಲೆ ಮರಿ ಹೊತ್ತ ಕರಡಿಯಾಗಿ ಇಳಿದು ಬಂತು. ಅಂಗೈಗಳು ಹಾಗೇ ಗಾಳಿಯಲ್ಲಿ ನಿಂತವು.

ನಾವು ಬಂದದ್ದು ಕಂಪ್ಲಿಯ ಮೇಲೆ, ಕತ್ತಲಾದ ಮೇಲೆ. ಮಗಳು ಬಸ್ಸಿನ ದೀಪದಲ್ಲೇ ನೋಟ್‌ಬುಕ್ ತೆಗೆದು ಬರೆದಳು: "ಕರಡಿ ಬಂತು. ಮ್ಯೂಜಿಕ್ ಇರಲಿಲ್ಲ." ಕೆಳಗೆ ಇನ್ನೊಂದು ಪ್ರಶ್ನೆ: "ಮರಿ ಯಾವಾಗ ಕೆಳಗೆ ಇಳಿತೈತಿ?" ಮುಂದಿನ ಭಾನುವಾರಕ್ಕೆ ಹಾಕಬೇಕಾದ ಚಿತ್ರವನ್ನು ಹುಡುಕುವುದು ಈಗ ಸುಲಭ.